ಮೊಲ ಹುಲ್ಲು ಮುಟ್ಟದ ದಿನ: ಹೊಟ್ಟೆ ಕೆಟ್ಟಾಗ ಯಾವುದು ಮೊದಲು, ಯಾವುದು ಆಮೇಲೆ

ಮಳೆಗಾಲ ಶುರುವಾಯಿತೆಂದರೆ ನನ್ನ ಫೋನಿಗೆ ಒಂದೇ ನಮೂನೆಯ ಕರೆಗಳು. ಶಿರಸಿ ಕಡೆಯಿಂದಾದರೆ "ನಿನ್ನೆಯಿಂದ ಮೊಲ ಎಂತದೂ ತಿಂತಿಲ್ಲೆ" ಅಂತ. ಕಾರವಾರದಿಂದಾದರೆ "ಮೂಲೆ ಹಿಡಿದು ಕೂತಿದೆ, ಏನು ಮಾಡ್ಲಿ" ಅಂತ. ಇಷ್ಟರ ತನಕ ಏನು ಮಾಡಿದಿರಿ ಎಂದು ಕೇಳಿದರೆ ಉತ್ತರವೂ ಹೆಚ್ಚುಕಡಿಮೆ ಒಂದೇ. ಬಾಳೆಹಣ್ಣು ಕೊಟ್ಟರು, ತಿನ್ನಲಿಲ್ಲ. ಓಮದ ನೀರು ಹಾಕಿದರು. ಬೆಳಗಾಗಲಿ, ನೋಡೋಣ ಎಂದು ಮಲಗಿದರು. ಬೆಳಿಗ್ಗೆ ಎದ್ದು ಮುಟ್ಟಿದರೆ ಮೊಲದ ಕಿವಿ ತಣ್ಣಗೆ.

ಇವರು ಮಾಡುವುದೆಲ್ಲ ತಪ್ಪು ಅಂತಲ್ಲ. ತಪ್ಪುವುದು ಸರದಿ. ಮೈ ತಣ್ಣಗಾದ ಮೊಲಕ್ಕೆ ತಿನ್ನಿಸಲು ಹೋಗುತ್ತಾರೆ. ನೀರೇ ಕುಡಿಯದ ಮೊಲಕ್ಕೆ ಗಟ್ಟಿ ಹಿಟ್ಟು ತುರುಕುತ್ತಾರೆ. ನಗಾರಿಯಂತೆ ಬಿಗಿದ ಹೊಟ್ಟೆಯನ್ನು ಗಸಗಸ ಉಜ್ಜುತ್ತಾರೆ. ಹಾಗಾಗಿ ಇಲ್ಲಿ ಸರದಿಯನ್ನೇ ಹಿಡಿದು ಬರೆದಿದ್ದೇನೆ. ಒಂದೇ ಮಾತಿನಲ್ಲಿ ಹೇಳುವುದಾದರೆ: ಮೊದಲು ಮುಟ್ಟಿ ನೋಡಿ, ತಿನ್ನಿಸುವುದು ಆಮೇಲೆ. ನಾನು ಪಶುವೈದ್ಯ ಅಲ್ಲ. ಇದು ಡಾಕ್ಟರ್ ಕೈ ಸೇರುವ ತನಕ ಮೊಲವನ್ನು ಉಳಿಸಿಕೊಳ್ಳುವ ದಾರಿ, ಅಷ್ಟೆ.

## ಇಷ್ಟು ಅವಸರ ಯಾಕೆ

ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಮುಂದಕ್ಕೇ ಸಾಗಬೇಕು. ಸಾಗಿಸುವುದು ಹುಲ್ಲಿನ ನಾರು. ನಾರು ಕಡಿಮೆಯಾದರೂ, ಹೆದರಿದರೂ, ಎಲ್ಲಾದರೂ ನೋವಿದ್ದರೂ ಕರುಳಿನ ಚಲನೆ ನಿಧಾನವಾಗುತ್ತದೆ. ಆಗ ಒಳಗಿದ್ದದ್ದು ಒಣಗಿ ಗಟ್ಟಿಯಾಗುತ್ತದೆ, ಗ್ಯಾಸ್ ತುಂಬುತ್ತದೆ, ಹೊಟ್ಟೆ ನೋಯುತ್ತದೆ. ನೋವಿಗೆ ಮೊಲ ತಿನ್ನುವುದಿಲ್ಲ. ತಿನ್ನದಿದ್ದರೆ ಕರುಳು ಇನ್ನಷ್ಟು ನಿಧಾನ. ಈ ಸುತ್ತು ತಾನಾಗಿ ಬಿಚ್ಚಿಕೊಳ್ಳುವುದು ಅಪರೂಪ.

ನಮ್ಮಲ್ಲಿ ಹೊಟ್ಟೆ ಕೆಟ್ಟರೆ "ಲಂಘನಂ ಪರಮೌಷಧಂ" ಎಂದು ಒಂದು ದಿನ ಉಪವಾಸ ಹಾಕುವುದುಂಟು. ನಾಯಿಗೂ ಕೆಲವರು ಹಾಗೇ ಮಾಡುತ್ತಾರೆ. ಮೊಲಕ್ಕೆ ಅದು ವಿಷ. ಸುಮಾರು 12 ಗಂಟೆ ಏನೂ ತಿನ್ನದಿದ್ದರೆ, ಅಥವಾ ಅಷ್ಟು ಹೊತ್ತು ಹಿಕ್ಕೆಯೇ ಹಾಕದಿದ್ದರೆ, ಅದು ತುರ್ತು. ರಾತ್ರಿ 9ಕ್ಕೆ ಗೊತ್ತಾದರೆ ರಾತ್ರಿ 9ಕ್ಕೇ ಕೆಲಸ ಶುರು.

## ಮನೆಯಲ್ಲಿ ಮೊದಲೇ ಇರಬೇಕಾದ ಸಾಮಾನು

ತುದಿ ಬಾಗುವ ಡಿಜಿಟಲ್ ಥರ್ಮಾಮೀಟರ್ ಒಂದು, ಮೊಲಕ್ಕೇ ಅಂತ ಬೇರೆ. ಸ್ವಲ್ಪ ವ್ಯಾಸಲೀನ್. ಸೂಜಿ ಇಲ್ಲದ ಸಿರಿಂಜ್‌ಗಳು: 1 ಮಿ.ಲೀ.ದು ಎರಡು, 5 ಮಿ.ಲೀ.ದು ನಾಲ್ಕು. ಅಡುಗೆಮನೆಯ ಡಿಜಿಟಲ್ ತಕ್ಕಡಿ. ಹಳೆ ಟವೆಲ್ ಎರಡು. ಬಿಸಿನೀರು ಹಾಕಲು ಗಟ್ಟಿ ಬಾಟಲಿ. ಮೊಲದ ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಆಹಾರ) ಒಂದು ಮುಷ್ಟಿ, ಗಾಳಿಯಾಡದ ಡಬ್ಬಿಯಲ್ಲಿ. ಹಳೆ ಪೇಪರ್. ಒಂದು ನೋಟ್‌ಬುಕ್.

ಮೊಲದ ತೂಕವನ್ನು ತಿಂಗಳಿಗೊಮ್ಮೆ ಬರೆದಿಡಿ. ಮದ್ದು, ನೀರು, ಆಹಾರ ಎಲ್ಲದರ ಲೆಕ್ಕವೂ ತೂಕದ ಮೇಲೆ. ಆರಾಮ ಇದ್ದಾಗಲೇ ಒಮ್ಮೆ ಜ್ವರ ನೋಡಿ, ಸಿರಿಂಜ್‌ನಲ್ಲಿ ನೀರು ಕುಡಿಸಿ ಅಭ್ಯಾಸ ಮಾಡಿಕೊಳ್ಳಿ. ಕಾಯಿಲೆಯ ದಿನವೇ ಮೊದಲ ಬಾರಿ ಕೈ ಹಾಕಿದರೆ ನಿಮಗೂ ಗಾಬರಿ, ಅದಕ್ಕೂ ಗಾಬರಿ.

## ಹಂತ 1: ಯಾವ ನಮೂನೆಯ ಹೊಟ್ಟೆ ಕೆಡುವುದು ಅಂತ ನೋಡಿ

ಹತ್ತು ನಿಮಿಷ ಸಾಕು. ಆದರೆ ಇದನ್ನು ಬಿಟ್ಟರೆ ಮುಂದಿನದೆಲ್ಲ ಅಡ್ಡದಾರಿ. ಗೂಡಿನ ಕೆಳಗೆ, ಮೂಲೆಯಲ್ಲಿ, ಮೊಲದ ಹಿಂಭಾಗದಲ್ಲಿ ಏನಿದೆ ನೋಡಿ. ಮೂರು ನಮೂನೆ ಇರುತ್ತದೆ.

ಮೊದಲನೆಯದು, ಹಿಕ್ಕೆ ಸಣ್ಣದಾಗಿದೆ ಅಥವಾ ಇಲ್ಲವೇ ಇಲ್ಲ. ಆರೋಗ್ಯದ ಹಿಕ್ಕೆ ಕಡಲೆಕಾಳಿನ ಗಾತ್ರಕ್ಕೆ ಹತ್ತಿರ. ಗುಂಡಗೆ, ಒಣ, ಒತ್ತಿದರೆ ಒಳಗೆ ಹುಲ್ಲಿನ ಪುಡಿ ಕಾಣಬೇಕು. ಅದು ಸಾಸಿವೆಯ ಕಡೆಗೆ ಹೊರಟಿದ್ದರೆ, ಕಪ್ಪಾಗಿ ಗಟ್ಟಿಯಾಗಿದ್ದರೆ, ಕರುಳು ನಿಧಾನವಾಗಿದೆ. ಇದೇ ಹೆಚ್ಚು ಕಾಣುವ ತೊಂದರೆ, ಕೆಳಗಿನ ಹಂತಗಳೆಲ್ಲ ಮುಖ್ಯವಾಗಿ ಇದಕ್ಕೇ.

ಎರಡನೆಯದನ್ನು ಜನ ಭೇದಿ ಎಂದುಕೊಳ್ಳುತ್ತಾರೆ, ಆದರೆ ಅದು ಭೇದಿಯಲ್ಲ. ಮೊಲ ದಿನಕ್ಕೆ ಎರಡು ತರಹದ ಹಿಕ್ಕೆ ಹಾಕುತ್ತದೆ. ಗಟ್ಟಿಯದು ಒಂದು. ಇನ್ನೊಂದು ಮೆತ್ತನೆಯದು, ಹೊಳಪಿನದು, ಸಣ್ಣ ದ್ರಾಕ್ಷಿ ಗೊಂಚಲಿನಂತೆ. ಅದನ್ನು ಹೆಚ್ಚಾಗಿ ರಾತ್ರಿ ಅಥವಾ ಬೆಳಗಿನ ಜಾವ ಹಿಂಭಾಗದಿಂದಲೇ ಬಾಯಿ ಹಾಕಿ ತಿಂದುಬಿಡುತ್ತದೆ. ಅಸಹ್ಯ ಪಡಬೇಡಿ. ಅದರಲ್ಲಿ ಮೊಲಕ್ಕೆ ಬೇಕಾದ ವಿಟಮಿನ್, ಪ್ರೋಟೀನ್ ಇರುತ್ತದೆ. ಬಿಸ್ಕತ್ತು, ಹಣ್ಣು, ಪೆಲೆಟ್ ಜಾಸ್ತಿಯಾದಾಗ ಈ ಮೆತ್ತನೆ ಹಿಕ್ಕೆ ಅಂಟಂಟಾಗಿ ನೆಲಕ್ಕೆ, ಕೂದಲಿಗೆ ಮೆತ್ತಿಕೊಳ್ಳುತ್ತದೆ. ಗಟ್ಟಿ ಹಿಕ್ಕೆಯೂ ಬರುತ್ತಿದ್ದು, ಮೊಲ ಓಡಾಡಿಕೊಂಡು ತಿನ್ನುತ್ತಿದ್ದರೆ ಗಾಬರಿ ಬೇಡ. ನಾಲ್ಕೈದು ದಿನ ಸಿಹಿ, ಹಣ್ಣು, ಬಿಸ್ಕತ್ತು ಪೂರ್ತಿ ಬಂದ್. ಪೆಲೆಟ್ ಅರ್ಧ ಮಾಡಿ. ಹುಲ್ಲು ಮಾತ್ರ ಬೇಕಾದಷ್ಟು. ಇಲ್ಲಿ ಆಗುವ ದೊಡ್ಡ ತಪ್ಪು ಎಂದರೆ ಭೇದಿ ಎಂದು ತಿಳಿದು ಹುಲ್ಲು ನಿಲ್ಲಿಸಿ ಮೊಸರನ್ನ ಇಡುವುದು.

ಮೂರನೆಯದು ನಿಜವಾದ ಭೇದಿ. ನೀರು ನೀರು, ವಾಸನೆ, ಕೆಲವೊಮ್ಮೆ ಲೋಳೆ ಅಥವಾ ರಕ್ತ. ಗಟ್ಟಿ ಹಿಕ್ಕೆ ಒಂದೂ ಇಲ್ಲ. ಮನೆಮದ್ದಿಗೆ ಇಲ್ಲಿ ಜಾಗವೇ ಇಲ್ಲ, ಅದೇ ದಿನ ಡಾಕ್ಟರ್. ಮರಿಗಳಲ್ಲಂತೂ ಗಂಟೆಗಳ ಲೆಕ್ಕ. ಸಂತೆಯಲ್ಲಿ ಮಾರುವ ಅಂಗೈಯಗಲದ ಮರಿಗಳನ್ನು ಎಷ್ಟೋ ಸಲ ತಾಯಿ ಹಾಲು ಬಿಡುವ ಮೊದಲೇ ತಂದಿರುತ್ತಾರೆ. ಅಂಥವಕ್ಕೆ ಕಾಕ್ಸಿಡಿಯಾ ಎಂಬ ಸೂಕ್ಷ್ಮ ಪರೋಪಜೀವಿ ಕರುಳಿಗೆ ಹತ್ತುವುದು ಬಹಳ. ಒದ್ದೆ ಗೂಡು, ಹಿಕ್ಕೆ ಮೆತ್ತಿದ ತಳ ಇದ್ದರೆ ಇನ್ನೂ ಸುಲಭ. ಅದಕ್ಕೆ ಬೇರೆಯೇ ಮದ್ದು ಇದೆ. ಹಿಕ್ಕೆಯನ್ನು ಸಣ್ಣ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ, ಪರೀಕ್ಷೆಗೆ ಬೇಕಾಗುತ್ತದೆ.

ಮಳೆಗಾಲದಲ್ಲಿ ಎರಡನೇ, ಮೂರನೇ ನಮೂನೆ ಎರಡಕ್ಕೂ ಒಂದು ಎಚ್ಚರಿಕೆ. ಒದ್ದೆಯಾದ ಹಿಂಭಾಗಕ್ಕೆ ನೊಣ ಮೊಟ್ಟೆ ಇಡುತ್ತದೆ, ಒಂದೇ ದಿನದಲ್ಲಿ ಹುಳ ಬಿದ್ದುಬಿಡಬಹುದು. ದಿನಕ್ಕೆ ಎರಡು ಸಲ ಬಾಲದ ಕೆಳಗೆ ನೋಡಿ. ಮೆತ್ತಿದ್ದನ್ನು ಉಗುರುಬೆಚ್ಚಗಿನ ನೀರಿನ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಇಡೀ ಮೊಲಕ್ಕೆ ಸ್ನಾನ ಮಾಡಿಸಬೇಡಿ.

## ಹಂತ 2: ಮೈ ಬಿಸಿ ನೋಡಿ

ಇದನ್ನೇ ಎಲ್ಲರೂ ಬಿಡುವುದು.

ಮೊಲವನ್ನು ತೊಡೆಯ ಮೇಲೆ ಕೂರಿಸಿ, ಬೆನ್ನು ನಿಮ್ಮ ಹೊಟ್ಟೆಗೆ ತಾಗಿರಲಿ. ಥರ್ಮಾಮೀಟರ್ ತುದಿಗೆ ವ್ಯಾಸಲೀನ್ ಹಚ್ಚಿ, ಗುದದಲ್ಲಿ ಒಂದು ಸೆಂಟಿಮೀಟರ್‌ನಷ್ಟು ಮಾತ್ರ ಮೆಲ್ಲಗೆ ಇಡಿ. ಕೊಸರಿದರೆ ತಕ್ಷಣ ಬಿಡಿ. ಮೊಲದ ಬೆನ್ನೆಲುಬು ಸೂಕ್ಷ್ಮ, ಹಿಂಗಾಲು ಝಾಡಿಸಿ ಒದ್ದರೆ ಮುರಿಯುವುದೂ ಉಂಟು. ನಿಮ್ಮಿಂದ ಆಗದು ಅನ್ನಿಸಿದರೆ ಕಿವಿ ಮುಟ್ಟಿ. ನಿಖರ ಅಲ್ಲ, ಆದರೂ ಕಿವಿ ತಣ್ಣಗೆ, ಮೈ ಸೋತು ಬಿದ್ದಿದೆ ಎಂದರೆ ಬಿಸಿ ಇಳಿದಿದೆ ಅಂತಲೇ ಹಿಡಿಯಿರಿ.

ಸರಿಯಾದ ಬಿಸಿ 38.5ರಿಂದ 40 ಡಿಗ್ರಿ ಸೆಲ್ಸಿಯಸ್. ಫ್ಯಾರನ್‌ಹೀಟ್‌ನಲ್ಲಿ ಸುಮಾರು 101ರಿಂದ 104. ನಮ್ಮ ಲೆಕ್ಕದಲ್ಲಿ ಅದು ಜ್ವರ, ಮೊಲಕ್ಕೆ ಅದೇ ಆರೋಗ್ಯ. ಥರ್ಮಾಮೀಟರ್ 98.6 ತೋರಿಸಿದ್ದನ್ನು ನೋಡಿ "ನಾರ್ಮಲ್ ಇದೆ" ಎಂದು ಸಮಾಧಾನವಾಗಿ ಕೂತವರನ್ನು ನಾನು ಬಲ್ಲೆ. ಮೊಲಕ್ಕೆ 98.6 ಎಂದರೆ ಜೀವ ಇಳಿಯುತ್ತಿದೆ ಎಂದರ್ಥ.

38ಕ್ಕಿಂತ ಕಡಿಮೆ ಇದ್ದರೆ ಮೊದಲು ಬೆಚ್ಚಗೆ ಮಾಡಿ. ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ಮೊಲದ ಪಕ್ಕಕ್ಕೆ ಇಡಿ. ಮೈಯ ಕೆಳಗೆ ಬೇಡ, ಬಿಸಿ ಜಾಸ್ತಿಯಾದರೆ ಸರಿದು ಕೂರಲು ಜಾಗ ಇರಬೇಕು. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಬಿಸಿ ನೋಡುತ್ತಿರಿ. ಬಚ್ಚಲು ಒಲೆಯ ಪಕ್ಕ ಬುಟ್ಟಿ ಇಡುವ ಅಭ್ಯಾಸ ಘಟ್ಟದ ಮೇಲಿನ ಮನೆಗಳಲ್ಲಿದೆ. ಬೇಡ, ಹೊಗೆಗೆ ಅದರ ಉಸಿರು ಕಟ್ಟುತ್ತದೆ. ಮೈ ತಣ್ಣಗಿರುವಾಗ ಬಾಯಿಗೆ ಏನೂ ಹಾಕಬೇಡಿ. ನುಂಗುವ ಶಕ್ತಿ ಇರುವುದಿಲ್ಲ, ಶ್ವಾಸಕೋಶಕ್ಕೆ ಹೋಗುತ್ತದೆ. ಕರುಳೂ ಕೆಲಸ ಮಾಡುವುದಿಲ್ಲ.

ಇನ್ನು ಏಪ್ರಿಲ್, ಮೇ ತಿಂಗಳಲ್ಲಿ ಕಾರವಾರ, ಅಂಕೋಲೆ, ಕುಮಟೆಯ ಸೆಕೆಯಲ್ಲಿ ಉಲ್ಟಾ ಕಥೆ. 40.5 ದಾಟಿ, ಮೊಲ ಚಾಚಿ ಮಲಗಿ ಏದುಸಿರು ಬಿಡುತ್ತಿದ್ದರೆ ಅದು ಸೆಕೆಯ ಹೊಡೆತ. ಕಿವಿಗೆ ತಣ್ಣೀರಿನ ಬಟ್ಟೆ ಒತ್ತಿ, ಫ್ಯಾನ್ ದೂರದಿಂದ ಬಿಡಿ. ಐಸ್ ನೀರು ಬೇಡ, ಮುಳುಗಿಸುವುದಂತೂ ಬೇಡವೇ ಬೇಡ. ಡಾಕ್ಟರಿಗೆ ಫೋನ್ ಹಚ್ಚಿ.

## ಹಂತ 3: ಹೊಟ್ಟೆ ಮುಟ್ಟಿ, ಇಲ್ಲೇ ತೀರ್ಮಾನ ಮಾಡಿ

ಪಕ್ಕೆಲುಬಿನ ಹಿಂದೆ ಎರಡೂ ಕೈಯ ಬೆರಳುಗಳಿಂದ ಮೆಲ್ಲಗೆ ಮುಟ್ಟಿ. ಆರಾಮ ಇದ್ದಾಗ ಮೊಲದ ಹೊಟ್ಟೆ ಮೆತ್ತಗೆ, ಒತ್ತಿದರೆ ಒಳಗೆ ಹೋಗುತ್ತದೆ. ಕರುಳು ನಿಧಾನವಾದಾಗ ಒಳಗೆ ಕಲಸಿದ ಚಪಾತಿ ಹಿಟ್ಟಿನ ಉಂಡೆ ಇದ್ದಂತೆ ಸಿಗುತ್ತದೆ. ಕಿವಿ ಹಚ್ಚಿ ಕೇಳಿ. ಸಣ್ಣ ಗುಳುಗುಳು ಇದ್ದರೆ ಒಳ್ಳೆಯದು. ಏನೂ ಸದ್ದಿಲ್ಲದಿದ್ದರೆ ಕರುಳು ನಿಂತಂತಿದೆ.

ಹೊಟ್ಟೆ ಬಲೂನಿನಂತೆ ಬಿಗಿದಿದ್ದರೆ, ಮುಟ್ಟಿದರೆ ಡಬ್ ಡಬ್ ಅನ್ನುವಂತಿದ್ದರೆ ಇಲ್ಲಿಗೇ ನಿಲ್ಲಿಸಿ. ತಿನ್ನಿಸಬೇಡಿ, ಕುಡಿಸಬೇಡಿ, ಉಜ್ಜಬೇಡಿ. ಒಳಗೆ ಏನೋ ಅಡ್ಡ ಸಿಕ್ಕಿಕೊಂಡಿರಬಹುದು. ಕೂದಲಿನ ಗಟ್ಟಿ ಉಂಡೆ, ಕಾರ್ಪೆಟ್‌ನ ಎಳೆ, ಪ್ಲಾಸ್ಟಿಕ್ ಚೂರು. ಮೇಲಿಂದ ತುಂಬಿದರೆ ಹೊಟ್ಟೆ ಒಡೆಯುವ ಅಪಾಯ. ಬೆಳಿಗ್ಗೆ ಕುಣಿಯುತ್ತಿದ್ದದ್ದು ಮಧ್ಯಾಹ್ನಕ್ಕೆ ಸೋತು ಬಿತ್ತು, ಹೊಟ್ಟೆ ಬಿಗಿದಿದೆ, ಒಸಡು ಬಿಳಚಿದೆ, ಕಿವಿ ತಣ್ಣಗಿದೆ. ಇಷ್ಟು ಒಟ್ಟಿಗೆ ಕಂಡರೆ ಬುಟ್ಟಿಗೆ ಹಾಕಿ ಹೊರಡುವುದೊಂದೇ ಕೆಲಸ. ಈ ಮಾರ್ಗದರ್ಶಿಯ ಉಳಿದ ಭಾಗ ದಾರಿಯಲ್ಲಿ ಓದಿದರಾಯಿತು.

ನೋವಿನ ಗುರುತುಗಳನ್ನೂ ಕಲಿತಿರಿ. ಬೆನ್ನು ಗೂನು ಮಾಡಿ ಕೂರುವುದು, ಹೊಟ್ಟೆಯನ್ನು ನೆಲಕ್ಕೆ ಒತ್ತಿ ಮಲಗುವುದು, ಕಣ್ಣು ಅರ್ಧ ಮುಚ್ಚುವುದು, ಮತ್ತೆ ಮತ್ತೆ ಜಾಗ ಬದಲಿಸುವುದು, ಹಲ್ಲು ಕಡಿಯುವುದು. ತಲೆ ಸವರುವಾಗ ಖುಷಿಗೂ ಮೊಲ ಮೆಲ್ಲಗೆ ಹಲ್ಲು ಮಸೆಯುತ್ತದೆ, ಅದು ಬೇರೆ. ನೋವಿನದು ಜೋರು, ದೂರಕ್ಕೂ ಕೇಳುವಂಥದು.

## ಹಂತ 4: ನೀರು

ಮೈ ಬೆಚ್ಚಗಿದೆ, ಹೊಟ್ಟೆ ಬಿಗಿದಿಲ್ಲ, ಮೊಲ ಎಚ್ಚರ ಇದೆ ಎಂದಾದ ಮೇಲೆ ನೀರು. ಗಟ್ಟಿಯಾದ ಹೊಟ್ಟೆಯ ಉಂಡೆ ನೆನೆಯಬೇಕಲ್ವಾ? ಮೊದಲು ಅಗಲ ಬಟ್ಟಲಿನಲ್ಲಿ ಇಟ್ಟು ನೋಡಿ. ಗೂಡಿಗೆ ನೇತುಹಾಕುವ ಬಾಟಲಿಗಿಂತ ಬಟ್ಟಲಿನಲ್ಲಿ ಹೆಚ್ಚು ಕುಡಿಯುತ್ತದೆ. ಕೊತ್ತಂಬರಿ ಸೊಪ್ಪನ್ನು ತೊಳೆದು ನೀರು ಸುರಿಯುವ ಹಾಗೇ ಇಟ್ಟರೆ ಕೆಲವು ಮೊಲ ಅದನ್ನು ತಿನ್ನುವ ನೆಪದಲ್ಲಿ ನೀರೂ ತೆಗೆದುಕೊಳ್ಳುತ್ತವೆ.

ಆಗಲಿಲ್ಲ ಎಂದರೆ ಸಿರಿಂಜ್‌ನಲ್ಲಿ ಉಗುರುಬೆಚ್ಚಗಿನ ನೀರು, 2 ಕೆಜಿ ಮೊಲಕ್ಕೆ ಒಂದು ಸಲಕ್ಕೆ 10 ಮಿ.ಲೀ.ನಷ್ಟು, ಗಂಟೆ ಎರಡು ಗಂಟೆಗೊಮ್ಮೆ. ಬರೀ ನೀರು ಸಾಕು. ಎಳನೀರು, ಗ್ಲೂಕೋಸ್, ಮಜ್ಜಿಗೆ, ಮುರುಗಲು ಪಾನಕ, ಜೀರಿಗೆ ಕಷಾಯ ಎಲ್ಲ ನಮಗೆ ತಂಪು. ಮೊಲದ ಕರುಳಿನಲ್ಲಿರುವ ಒಳ್ಳೆ ಬ್ಯಾಕ್ಟೀರಿಯಾಗಳ ಸಂಸಾರಕ್ಕೆ ಸಕ್ಕರೆಯೂ ಹಾಲಿನದೂ ಕೂಡಿಬರುವುದಿಲ್ಲ. ಅನಾನಸಿನ ರಸ ಹೊಟ್ಟೆಯ ಕೂದಲನ್ನು ಕರಗಿಸುತ್ತದೆ ಎಂಬ ನಂಬಿಕೆ ಬೇರೆ. ಬನವಾಸಿ ಕಡೆ ಅನಾನಸಿಗೆ ಬರವಿಲ್ಲ, ಹಾಗಾಗಿ ಅದನ್ನೂ ಧಾರಾಳವಾಗಿ ಹಾಕುತ್ತಾರೆ. ಕೂದಲು ಕರಗುವುದಿಲ್ಲ, ಸಕ್ಕರೆ ಮಾತ್ರ ಒಳಗೆ ಹೋಗುತ್ತದೆ.

## ಹಂತ 5: ಸಿರಿಂಜ್‌ನಲ್ಲಿ ತಿನ್ನಿಸುವುದು

ನೀರು ಕೊಟ್ಟು ಒಂದು ಗಂಟೆ ಕಳೆದ ಮೇಲೆ ಇದು. ಹುಲ್ಲಿನ ಪುಡಿಯಿಂದ ಮಾಡಿದ, ರೋಗಿ ಮೊಲಕ್ಕೆಂದೇ ಬರುವ ಪುಡಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಆದರೆ ಶಿರಸಿಗೆ ಪಾರ್ಸೆಲ್ ಬರುವಷ್ಟು ಹೊತ್ತು ಮೊಲ ಕಾಯುವುದಿಲ್ಲ. ಮನೆಯ ಪೆಲೆಟ್ ಸಾಕು.

ಹೆಚ್ಚಿನವರು ಪೆಲೆಟ್ ನೆನೆಸಿ ಆಮೇಲೆ ಅರೆಯುತ್ತಾರೆ, ಸಿರಿಂಜ್ ಕಟ್ಟಿಕೊಳ್ಳುತ್ತದೆ, ಬೈದುಕೊಂಡು ಜರಡಿ ಹಿಡಿಯುತ್ತಾರೆ. ಜರಡಿ ಹಿಡಿದರೆ ನಾರೇ ಹೋಯಿತಲ್ಲ! ಒಣ ಪೆಲೆಟ್ಟನ್ನೇ ಮಿಕ್ಸಿಯ ಸಣ್ಣ ಜಾರಿನಲ್ಲಿ ನುಣ್ಣಗೆ ಪುಡಿ ಮಾಡಿ. ಜಾರಿಗೆ ಖಾರದ ವಾಸನೆ ಇರಬಾರದು. ಒಂದು ಪಾಲು ಪುಡಿಗೆ ಎರಡು ಪಾಲು ಬಿಸಿನೀರು ಹಾಕಿ, ಹತ್ತು ನಿಮಿಷ ಮುಚ್ಚಿಡಿ. ಉಬ್ಬಿಕೊಂಡರೆ ಇನ್ನಷ್ಟು ನೀರು. ತೆಳು ದೋಸೆ ಹಿಟ್ಟಿನ ಹದ ಬರಬೇಕು. ಕೈಗೆ ಹಾಕಿದರೆ ಬೆಚ್ಚಗೆ, ಸುಡಬಾರದು.

ಮೊಲವನ್ನು ಟವೆಲ್‌ನಲ್ಲಿ ಬಾಣಂತಿ ಮಗುವನ್ನು ಸುತ್ತುವಂತೆ ಸುತ್ತಿ, ತಲೆ ಮಾತ್ರ ಹೊರಗೆ. ನಾಲ್ಕು ಕಾಲೂ ಕೆಳಗೇ ಇರಬೇಕು. ಅಂಗಾತ ಮಲಗಿಸಿ ಕುಡಿಸುವುದು ನಾನು ಕಂಡ ತಪ್ಪುಗಳಲ್ಲೇ ಕೆಟ್ಟದ್ದು. ಮೊಲ ಸುಮ್ಮನಾಗುತ್ತದೆ, ನಿಜ. ಅದು ಆರಾಮದ ಸುಮ್ಮನಲ್ಲ, ಹೆದರಿ ಮರಗಟ್ಟಿದ್ದು. ಆ ಭಂಗಿಯಲ್ಲಿ ಹಾಕಿದ್ದು ನೇರ ಶ್ವಾಸಕೋಶಕ್ಕೆ.

ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಖಾಲಿ ಜಾಗ ಇದೆ. ಬಾಯಿಯ ಪಕ್ಕದಿಂದ ಅಲ್ಲಿ ಸಿರಿಂಜ್ ತುದಿ ಇಡಿ, ಗಂಟಲಿನ ಕಡೆಗೆ ನೇರ ಹಿಡಿಯಬೇಡಿ. ಅರ್ಧ ಮಿ.ಲೀ. ಒತ್ತಿ, ನಿಲ್ಲಿಸಿ. ಅಗಿಯಲಿ, ನುಂಗಲಿ. ಆಮೇಲೆ ಮುಂದಿನದು. ಮೂಗಿನಿಂದ ಹೊರಗೆ ಬಂದರೆ, ಕೆಮ್ಮಿದರೆ, ಬಾಯಿಯಲ್ಲಿ ಹಾಗೇ ಇಟ್ಟುಕೊಂಡರೆ ನಿಲ್ಲಿಸಿಬಿಡಿ.

ಲೆಕ್ಕ ಹೀಗೆ. ದಿನಕ್ಕೆ ಕೆಜಿ ತೂಕಕ್ಕೆ ಸುಮಾರು 50 ಮಿ.ಲೀ., ನಾಲ್ಕೈದು ಸಲಕ್ಕೆ ಹಂಚಿ. 2 ಕೆಜಿ ಮೊಲಕ್ಕೆ ಒಂದು ಸಲಕ್ಕೆ 20 ಮಿ.ಲೀ. ಆಯಿತು. ಮೊದಲ ಸಲ 5 ಮಿ.ಲೀ. ಮಾತ್ರ ಕೊಟ್ಟು, ಒಂದು ಗಂಟೆ ಬಿಟ್ಟು ಹೊಟ್ಟೆ ಮತ್ತೆ ಮುಟ್ಟಿ. ಬಿಗಿಯಾಗಿಲ್ಲ ಎಂದರೆ ಮುಂದುವರಿಸಿ. ರಾತ್ರಿಯೂ ಒಂದು ಸಲ ಏಳಬೇಕು, ಅಲಾರಂ ಇಟ್ಟುಕೊಳ್ಳಿ. ಉಳಿದ ಹಿಟ್ಟು ಕರಾವಳಿಯ ಸೆಕೆಗೆ ಬೇಗ ಹುಳಿಯುತ್ತದೆ, ಪ್ರತಿ ಸಲ ಹೊಸದು ಮಾಡಿ.

ನಡುನಡುವೆ ಮೊಲವನ್ನು ನೆಲಕ್ಕೆ ಬಿಡಿ. ಜಾರುವ ಟೈಲ್ಸ್ ಮೇಲೆ ಬೇಡ, ಚಾಪೆ ಹಾಸಿ. ನಾಲ್ಕು ಹೆಜ್ಜೆ ನಡೆದರೂ ಕರುಳಿಗೆ ಸಹಾಯ. ಜೊತೆಗಾರ ಮೊಲ ಇದ್ದರೆ ಬೇರೆ ಮಾಡಬೇಡಿ, ಒಂಟಿಯಾದರೆ ಇನ್ನೂ ಕುಗ್ಗುತ್ತದೆ. ಹಿಕ್ಕೆ ಯಾರದ್ದು ಅಂತ ಗೊತ್ತಾಗುವುದಿಲ್ಲ ಎಂದರೆ ನಡುವೆ ಜಾಳಿಗೆ ಇಡಿ.

## ಹಂತ 6: ಮೆಡಿಕಲ್ ಶಾಪಿನ ಮದ್ದು, ಇಲ್ಲಿ ಜಾಗ್ರತೆ

ನನ್ನ ಮೊದಲ ಮೊಲ ಸತ್ತದ್ದು ಇಲ್ಲೇ. ಹೊಟ್ಟೆ ಉಬ್ಬರ ಎಂದು ಮೆಡಿಕಲ್ ಶಾಪಿನಲ್ಲಿ ಹೇಳಿದೆ. ಮಕ್ಕಳ ಹೊಟ್ಟೆನೋವಿನ ಹನಿ ಕೊಟ್ಟರು. ಲೇಬಲ್ ಓದದೆ ಹಾಕಿದೆ. ಅದರಲ್ಲಿ ಡೈಸೈಕ್ಲೋಮಿನ್ ಇತ್ತು. ಹೊಟ್ಟೆ ಹಿಡಿತವನ್ನು ಸಡಿಲಿಸುವ ಮದ್ದು ಅದು, ಅಂದರೆ ಕರುಳಿನ ಚಲನೆಯನ್ನು ತಗ್ಗಿಸುವಂಥದು. ನಿಂತ ಕರುಳನ್ನು ಇನ್ನೂ ನಿಲ್ಲಿಸಿದೆ. ಅಂಗಡಿಯವರನ್ನು ಬೈದು ಪ್ರಯೋಜನ ಇಲ್ಲ, ಮೊಲಕ್ಕೆ ಅಂತ ನಾನು ಹೇಳಿರಲಿಲ್ಲ.

ಮೊಲ ಸಾಕುವವರು ಕೇಳಿರುವ ಗ್ಯಾಸ್ ಹನಿ ಎಂದರೆ ಸಿಮೆಥಿಕೋನ್. ಅದು ಗ್ಯಾಸಿನ ಗುಳ್ಳೆಗಳನ್ನು ಒಡೆಯುತ್ತದೆ, ರಕ್ತಕ್ಕೆ ಸೇರುವುದಿಲ್ಲ, ಹಾನಿ ಕಡಿಮೆ. ಹಾಗಂತ ಪವಾಡ ಕಾಯಬೇಡಿ. ನಮ್ಮಲ್ಲಿ ಸಿಗುವ ಹನಿಗಳಲ್ಲಿ ಅದರ ಜೊತೆ ಬೇರೆ ಎಣ್ಣೆ, ಬೇರೆ ಮದ್ದು ಸೇರಿರುತ್ತದೆ. ಡಾಕ್ಟರಿಗೆ ಲೇಬಲ್ ಫೋಟೋ ಕಳಿಸಿ, ಪ್ರಮಾಣ ಕೇಳಿ ಹಾಕಿ. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ, ಹರಳೆಣ್ಣೆ, ಮಕ್ಕಳ ಜ್ವರದ ಸಿರಪ್ ಯಾವುದನ್ನೂ ನೀವೇ ಕೊಡಬೇಡಿ.

ಇದಕ್ಕಿಂತ ದೊಡ್ಡ ಅಪಾಯ ಬಾಯಿಯಿಂದ ಕೊಡುವ ಕೆಲವು ಆಂಟಿಬಯೋಟಿಕ್. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಸೆಫಲೆಕ್ಸಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್, ಎರಿಥ್ರೋಮೈಸಿನ್. ಮನುಷ್ಯರಿಗೆ ದಿನಬಳಕೆಯವು. ಮೊಲದ ಹೊಟ್ಟೆಗೆ ಹೋದರೆ ಒಳ್ಳೆ ಬ್ಯಾಕ್ಟೀರಿಯಾ ಸತ್ತು, ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟದ್ದು ಬೆಳೆದು ವಿಷ ಕಾರುತ್ತದೆ. ಭೇದಿಯಾಗಿ ಸಾಯುತ್ತದೆ. ಈ ಹೆಸರುಗಳನ್ನು ಚೀಟಿಯಲ್ಲಿ ಬರೆದು ಗೂಡಿಗೆ ಅಂಟಿಸಿಡಿ, ನಾಚಿಕೆ ಬೇಡ.

## ಹಂತ 7: ಡಾಕ್ಟರ್ ಹತ್ತಿರ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಷ್ಟ ಗೊತ್ತಿದ್ದದ್ದೇ. ತಾಲೂಕು ಪಶು ಆಸ್ಪತ್ರೆಯ ಡಾಕ್ಟರಿಗೆ ದನ, ಎಮ್ಮೆ, ನಾಯಿ ನೋಡಿಯೇ ಹೊತ್ತು ಸಾಲದು. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ಸೇವೆ ಸಿಗುತ್ತದೆ, ಅದೂ ಮುಖ್ಯವಾಗಿ ಜಾನುವಾರುಗಳಿಗೆ. ದೊಡ್ಡ ಊರಿಗೇ ಹೋಗುವುದಾದರೆ ಕಾರವಾರದವರಿಗೆ ಗೋವಾ ಹತ್ತಿರ. ಶಿರಸಿಯವರಿಗೆ ಹುಬ್ಬಳ್ಳಿ, ಅಥವಾ ಪಶುವೈದ್ಯಕೀಯ ಕಾಲೇಜು ಇರುವ ಶಿವಮೊಗ್ಗ. ಮಳೆಗಾಲದಲ್ಲಿ ದೇವಿಮನೆ ಘಟ್ಟವೋ ಅರಬೈಲು ಘಟ್ಟವೋ ಮಣ್ಣು ಕುಸಿದು ನಿಂತರೆ ಆ ದಾರಿಯೂ ಇಲ್ಲ. 2024ರ ಜುಲೈನಲ್ಲಿ ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಗಿತ್ತು. ಅದಕ್ಕೇ ಹೇಳುವುದು, ಮೊಲ ನೋಡುತ್ತೇನೆ ಎನ್ನುವ ಒಬ್ಬ ಡಾಕ್ಟರ್ ಯಾರು ಎಂದು ಮೇ ತಿಂಗಳಲ್ಲೇ ವಿಚಾರಿಸಿ ನಂಬರ್ ಇಟ್ಟುಕೊಳ್ಳಿ.

ಹೋದಾಗ ನೋಟ್‌ಬುಕ್ ಮುಂದಿಡಿ. ಕೊನೆಯ ಸಲ ಯಾವಾಗ ತಿಂದಿತು, ಕೊನೆಯ ಹಿಕ್ಕೆ ಯಾವಾಗ, ಮೈ ಬಿಸಿ ಎಷ್ಟು, ತೂಕ ಎಷ್ಟು, ಏನು ಕೊಟ್ಟಿದ್ದೀರಿ. ಬಿಸ್ಕತ್ತು ಕೊಟ್ಟಿದ್ದರೆ ಅದನ್ನೂ ಹೇಳಿ, ಮುಚ್ಚಿಡಬೇಡಿ.

ಮೂರು ವಿಷಯ ನೀವಾಗಿಯೇ ಕೇಳಿ. ಒಂದು, ನೋವಿನ ಮದ್ದು. ನೋವು ಇಳಿಯದೆ ಮೊಲ ಬಾಯಿ ತೆರೆಯುವುದಿಲ್ಲ. ಮೆಲಾಕ್ಸಿಕಾಮ್ ಸಾಮಾನ್ಯವಾಗಿ ಕೊಡುತ್ತಾರೆ, ಮೈಯಲ್ಲಿ ನೀರಿಲ್ಲದಾಗ ಅದು ಕಿಡ್ನಿಗೆ ಭಾರ, ಆದ್ದರಿಂದ ಪ್ರಮಾಣ ಅವರೇ ಹೇಳಬೇಕು. ಎರಡು, ಚರ್ಮದ ಕೆಳಗೆ ಸಲೈನ್. ಸಿರಿಂಜ್‌ನಲ್ಲಿ ನೀವು ಕುಡಿಸುವುದಕ್ಕಿಂತ ಅದು ಎಷ್ಟೋ ಬೇಗ. ಮೂರು, ಹಲ್ಲು. ಮೊಲದ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ. ಹುಲ್ಲು ಅಗಿಯದಿದ್ದರೆ ದವಡೆ ಹಲ್ಲು ಮುಳ್ಳಿನಂತೆ ಚೂಪಾಗಿ ನಾಲಿಗೆ, ಕೆನ್ನೆಗೆ ಚುಚ್ಚುತ್ತದೆ. ಹೊಟ್ಟೆ ಕೆಟ್ಟಿದೆ ಅಂದುಕೊಂಡ ಎಷ್ಟೋ ಮೊಲಗಳ ಮೂಲ ತೊಂದರೆ ಬಾಯಲ್ಲೇ ಇರುತ್ತದೆ. ತಿನ್ನಲು ಬಂದು, ಬಾಯಿಗೆ ಹಾಕಿ, ಉಗುಳಿ ಹೋಗುವ ಮೊಲ ಎಂದರೆ ಹಲ್ಲಿನ ಮೇಲೆ ಅನುಮಾನ ಪಡಿ.

ಕರುಳು ಚುರುಕು ಮಾಡುವ ಮದ್ದು ಬರೆದರೆ, ಒಳಗೆ ಅಡ್ಡ ಏನೂ ಇಲ್ಲ ಅಂತ ಖಾತ್ರಿಯೇ ಎಂದು ವಿನಯದಿಂದ ಕೇಳಿ. ಆಪರೇಷನ್ ಇದ್ದರೆ "ನಾಳೆ ಬೆಳಗಿನ ತನಕ ಉಪವಾಸ ಇಡಿ" ಎಂದು ನಾಯಿಗೆ ಹೇಳಿದಂತೆ ಹೇಳಿದರೆ, ಅದು ಬೇಕೇ ಎಂದು ಕೇಳಿ ನೋಡಿ. ವಾಂತಿಯೇ ಬರದ ಪ್ರಾಣಿಗೆ ಆ ಉಪವಾಸ ಬೇಕಿಲ್ಲ.

## ಹಂತ 8: ಮುಂದಿನ ಮೂರು ದಿನ

ಗೂಡಿನ ತಳಕ್ಕೆ ಪೇಪರ್ ಹಾಸಿ, ಆರು ಗಂಟೆಗೊಮ್ಮೆ ಬದಲಿಸಿ, ಹಿಕ್ಕೆ ಎಣಿಸಿ. ಮೊದಲು ಬರುವುದು ಸಣ್ಣದು, ವಕ್ರ, ಗಟ್ಟಿ, ಕೂದಲಿನಿಂದ ಸರ ಪೋಣಿಸಿದಂತೆ. ಸ್ವಲ್ಪ ಲೋಳೆ ಇರಬಹುದು. ಅದನ್ನು ನೋಡಿ ನಮ್ಮ ಮನೆಯಲ್ಲಿ ಎಲ್ಲರೂ ಸಂಭ್ರಮ ಪಟ್ಟಿದ್ದೆವು. ಒಂದು ಹಿಕ್ಕೆಗೆ ಇಷ್ಟು ಖುಷಿಯಾ ಎಂದು ಅತ್ತೆ ನಕ್ಕರು.

ಆದರೆ ಇಲ್ಲಿ ಸಿರಿಂಜ್ ಎಸೆದುಬಿಡಬೇಡಿ. ತಾನೇ ಹುಲ್ಲು ತಿಂದು, ಹಿಕ್ಕೆ ಮೊದಲಿನ ಗಾತ್ರಕ್ಕೆ ಬರುವ ತನಕ ಪ್ರಮಾಣ ಇಳಿಸುತ್ತಾ ಮುಂದುವರಿಸಿ. ಸೊಪ್ಪು ತಿಂದಿತು ಅಂತ ಗೆದ್ದೆವು ಅನ್ನುವುದೂ ಬೇಡ. ಲೆಕ್ಕಕ್ಕೆ ಬರುವುದು ಹುಲ್ಲು. ಎರಡು ತಿಂಗಳಲ್ಲಿ ಮತ್ತೆ ಇದೇ ಆದರೆ ಹಲ್ಲಿನ ಪರೀಕ್ಷೆಯನ್ನು ಮುಂದೂಡಬೇಡಿ.

## ಹಂತ 9: ಹುಲ್ಲಿನ ವ್ಯವಸ್ಥೆ

ಮತ್ತೆ ಮತ್ತೆ ಹೊಟ್ಟೆ ಕೆಡುವ ಮನೆಗಳಲ್ಲಿ ನಾನು ಕಂಡದ್ದು ಒಂದೇ: ಗೂಡಿನಲ್ಲಿ ಹುಲ್ಲಿಗಿಂತ ಬೇರೆಯದೇ ಜಾಸ್ತಿ. ಹೊಟ್ಟೆಗೆ ಹೋಗುವುದರಲ್ಲಿ ಐದರಲ್ಲಿ ನಾಲ್ಕು ಪಾಲು ಹುಲ್ಲು ಇರಬೇಕು. ಪೆಲೆಟ್ ದೊಡ್ಡ ಮೊಲಕ್ಕೆ ಕೆಜಿಗೆ 20ರಿಂದ 25 ಗ್ರಾಂ, ಅಷ್ಟೇ. ಕ್ಯಾರೆಟ್ ಸಿಹಿತಿಂಡಿಯ ಲೆಕ್ಕ, ಅದರ ಸೊಪ್ಪು ಒಳ್ಳೆಯದು. ಅವಲಕ್ಕಿ, ಚಪಾತಿ, ಬಿಸ್ಕತ್ತು, ಹಲಸಿನ ತೊಳೆ ಬೇಡ. ಚೌತಿಯಲ್ಲಿ ಚಕ್ಕುಲಿ, ಪಂಚಕಜ್ಜಾಯ ಮಕ್ಕಳ ಕೈಯಿಂದ ಗೂಡಿಗೆ ಹೋಗದಂತೆ ನೋಡಿಕೊಳ್ಳಿ. ಗಣಪತಿಗೆ ತಂದ ಗರಿಕೆಯಲ್ಲಿ ಉಳಿದದ್ದನ್ನು ಧಾರಾಳವಾಗಿ ಕೊಡಿ.

ಗರಿಕೆ, ನೇಪಿಯರ್, ಬೇಣದ (ಹುಲ್ಲುಗಾವಲಿನ) ಕರಡ, ಇವೇ ನಮ್ಮಲ್ಲಿ ಸುಲಭ. ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ, ಹಾಸಲು ಸರಿ. ಯಾವ ಹುಲ್ಲಿಗೆ ಬದಲಿಸುವುದಾದರೂ ಒಂದು ವಾರ ಹತ್ತು ದಿನ ಬೆರೆಸುತ್ತಾ ಬದಲಿಸಿ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದವರಿಗೆ ಒಂದು ವಿಶೇಷ ಎಚ್ಚರಿಕೆ. ಕೊಳೆ ರೋಗಕ್ಕೆ ಅಡಿಕೆ ಮರಕ್ಕೆ ಬೋರ್ಡೋ ಹೊಡೆದಾಗ ಆ ಮೈಲುತುತ್ತದ ದ್ರಾವಣ ಅಡಿಕೆ ಗೊನೆಗೆ ಮಾತ್ರ ಬೀಳುವುದಿಲ್ಲ, ಕೆಳಗಿನ ಹುಲ್ಲಿಗೂ ಬೀಳುತ್ತದೆ. ಮಳೆಗಾಲ ಪೂರ್ತಿ ತೋಟದೊಳಗಿನ ಹುಲ್ಲು ಮೊಲಕ್ಕೆ ತರಬೇಡಿ. ಕಳೆನಾಶಕ ಹೊಡೆದ ರಸ್ತೆ ಬದಿಯದೂ ಬೇಡ. ಹುಲ್ಲಿನ ಜೊತೆ ಲಂಟಾನ, ಕಣಗಿಲೆ, ನಾಚಿಕೆ ಮುಳ್ಳು, ಕೆಸುವಿನ ಎಲೆ ಸೇರಿದೆಯಾ ಎಂದು ಕೈಯಾಡಿಸಿ ನೋಡಿ.

ಮಳೆಯಲ್ಲಿ ಕೊಯ್ದ ಹುಲ್ಲನ್ನು ಹೊರೆ ಕಟ್ಟಿ ಇಡಬೇಡಿ. ಹೊರೆಯೊಳಗೆ ಕೈ ಹಾಕಿ, ಬಿಸಿ ಹತ್ತಿದರೆ ಅದು ಹುಳಿಯಲು ಶುರುವಾಗಿದೆ, ಮೊಲದ ಹೊಟ್ಟೆಯಲ್ಲೂ ಅದೇ ಆಗುತ್ತದೆ. ನೀರು ಕೊಡವಿ, ಹಗ್ಗದ ಮೇಲೆ ಹರಡಿ ಗಾಳಿಗೆ ಬಿಟ್ಟು, ಅದೇ ದಿನ ಕೊಡಿ. ಜೂನ್‌ನಿಂದ ಸೆಪ್ಟೆಂಬರ್‌ಗೆ ಬೇಕಾದ ಒಣಹುಲ್ಲನ್ನು ಡಿಸೆಂಬರ್, ಜನವರಿಯ ಬಿಸಿಲಿನಲ್ಲೇ ಮಾಡಿಕೊಳ್ಳಬೇಕು. ಹೂ ಬಿಡುವ ಮೊದಲು ಕೊಯ್ದು, ಎರಡು ಮೂರು ಬಿಸಿಲು ಕಾಯಿಸಿ, ತಿರುಚಿದರೆ ಪಟ್ಟನೆ ಮುರಿಯುವ ಹದಕ್ಕೆ ಬಂದ ಮೇಲೆ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿ. ಪ್ಲಾಸ್ಟಿಕ್ ಚೀಲ ಬೇಡ, ಬೆವರುತ್ತದೆ. ಕೊಡುವ ಮೊದಲು ಮೂಸಿ ನೋಡಿ. ಬೂಷ್ಟಿನ ವಾಸನೆ ಬಂದರೆ, ಕೊಡವಿದಾಗ ಬೂದಿಯಂಥ ದೂಳು ಎದ್ದರೆ, ಇಡೀ ಚೀಲ ಗೊಬ್ಬರದ ಗುಂಡಿಗೆ.